ಅಗ್ಗದ ಕಂಪ್ಯೂಟರ್ ಸ್ಪೀಕರಿನಲ್ಲೂ ಒಳ್ಳೆ ಸೌಂಡ್ ಬರುತ್ತೆ: ಹೊಸದಕ್ಕೆ ದುಡ್ಡು ಹಾಕೋ ಮೊದಲು ಇಷ್ಟು ಮಾಡಿ ನೋಡಿ

“ಸೌಂಡ್ ಜೋರಾಗೇ ಬರುತ್ತೆ, ಆದ್ರೆ ಮಾತು ಏನೂ ತಿಳಿಯಲ್ಲ.” ಕಂಪ್ಯೂಟರ್ ಸ್ಪೀಕರ್ ಮಾರುವ ಅಂಗಡಿಯವರಿಗೆ ಈ ದೂರು ಹೊಸದೇನಲ್ಲ. ಗಿರಾಕಿ ಬಂದು ಹೀಗಂದ ಕೂಡಲೇ ಹೆಚ್ಚಿನ ಕಡೆ ಸಿಗುವ ಉತ್ತರವೂ ಒಂದೇ: “ಐನೂರು ರೂಪಾಯಿಗೆ ಇನ್ನೇನು ಬರುತ್ತೆ ಸಾರ್, ಎರಡು ಸಾವಿರದ್ದು ತಗೊಳ್ಳಿ.” ಗಿರಾಕಿ ತಗೊಂಡು ಹೋಗ್ತಾರೆ. ಅದನ್ನೂ ಅದೇ ಮೂಲೆಯಲ್ಲಿ, ಅದೇ ಗಾಜಿನ ಶೋಕೇಸಿನೊಳಗೆ ಇಡ್ತಾರೆ. ಮತ್ತದೇ ಕಥೆ. ಈ ಸಲ ಗುಡುಗು ಜಾಸ್ತಿ, ಮಾತು ಇನ್ನೂ ಕಮ್ಮಿ.

ಇದು ಬರೀ ಹಾಡು ಕೇಳೋ ಶೋಕಿಯ ವಿಷಯ ಅಂದ್ಕೋಬೇಡಿ. ಪಿಯುಸಿ ಓದುವ ಮಕ್ಕಳು ಈಗ ಅರ್ಧ ಪಾಠ ಯೂಟ್ಯೂಬಿನಲ್ಲೇ ಕೇಳ್ತಾರೆ. ಮೇಷ್ಟ್ರು ‘ಫಿಫ್ಟೀನ್’ ಅಂದ್ರೋ ‘ಫಿಫ್ಟಿ’ ಅಂದ್ರೋ ಗೊತ್ತಾಗದಿದ್ರೆ ಲೆಕ್ಕವೇ ತಪ್ಪು. ಮನೆಯಲ್ಲಿ ಕಿವಿ ಸ್ವಲ್ಪ ಮಂದವಾದ ಅಜ್ಜಿ ತಾತ ಇದ್ದರೆ ಅವರು ವಾಲ್ಯೂಮ್ ಏರಿಸು ಅಂತಾರೆ, ಏರಿಸಿದ್ರೆ ಉಳಿದವರಿಗೆ ತಲೆನೋವು, ಆದ್ರೂ ಅವರಿಗೆ ಮಾತು ತಿಳಿಯಲ್ಲ. ತೊಂದರೆ ಸೌಂಡಿನ ಪ್ರಮಾಣದಲ್ಲಿಲ್ಲ, ಸೌಂಡು ಕಿವಿಗೆ ತಲುಪುವ ದಾರಿಯಲ್ಲಿದೆ. ಆ ದಾರಿ ಸರಿ ಮಾಡೋದಕ್ಕೆ ಹೆಚ್ಚಿನ ಪಾಲು ದುಡ್ಡೇ ಬೇಕಾಗಿಲ್ಲ.

ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ

ಮೊದಲು ಒಂದು ಲೆಕ್ಕ ನೋಡೋಣ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘1000 ವ್ಯಾಟ್ ಪಿಎಂಪಿಒ’ ಅಂತ ಇರುತ್ತೆ. ಅದೇ ಸ್ಪೀಕರ್ ಯುಎಸ್‌ಬಿ ಪಿನ್ನಿನಿಂದ ಕರೆಂಟ್ ತಗೊಳ್ಳುತ್ತೆ. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿ ನೋಡಿ: ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಆದ್ರೆ ನಾಲ್ಕೂವರೆ. ಬಾವಿಯಲ್ಲಿ ಎರಡು ಬಿಂದಿಗೆ ನೀರಿದ್ದಾಗ ಸಾವಿರ ಬಿಂದಿಗೆ ಸೇದೋದಕ್ಕೆ ಆಗಲ್ಲ ತಾನೇ? ಪಿಎಂಪಿಒ ಅನ್ನೋದು ಕ್ಷಣಾರ್ಧದ, ಕಾಗದದ ಮೇಲಿನ ಅಂಕಿ. ಅದನ್ನು ಅಳೆಯೋದಕ್ಕೆ ಎಲ್ಲರೂ ಒಪ್ಪಿದ ಪದ್ಧತಿಯೇ ಇಲ್ಲ. ನೋಡಬೇಕಾದ್ದು ‘ಆರ್‌ಎಂಎಸ್’ ಅಂತ ಬರೆದಿರುವ ಅಂಕಿ. ಅದು 3 ವ್ಯಾಟ್, 5 ವ್ಯಾಟ್, ಹೆಚ್ಚೆಂದ್ರೆ 2.1 ಸೆಟ್‌ನಲ್ಲಿ ಕೆಲವು ಹತ್ತಾರು ವ್ಯಾಟ್ ಇರುತ್ತೆ. ಇಂಥ ಪುಟ್ಟ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಸಿಗುವ ‘ಪಿಎಎಂ 8403’ ಅನ್ನೋ ಚಿಪ್ಪು ಕೂಡ ಒಂದೊಂದು ಪಕ್ಕಕ್ಕೆ ಕೊಡೋದು ಸುಮಾರು 3 ವ್ಯಾಟ್, ಅದೂ ಕೊನೆಯ ತುದಿಗೆ ಹೋದಾಗ ದನಿ ಒಡೆದುಕೊಂಡು.

ಹಾಗಂತ ಬೇಜಾರಾಗೋದು ಬೇಡ. ಒಂದು ಸಣ್ಣ ಕೋಣೆಗೆ, ಮೇಜಿನ ಮುಂದೆ ಕೂತವರಿಗೆ, ಎರಡು ಮೂರು ವ್ಯಾಟ್ ಧಾರಾಳ. ನಮ್ಮ ಕಿವಿ ವಿಚಿತ್ರವಾದದ್ದು. ವ್ಯಾಟ್ ದುಪ್ಪಟ್ಟಾದ್ರೆ ಸೌಂಡ್ ದುಪ್ಪಟ್ಟಾಗಲ್ಲ; 3 ಡೆಸಿಬಲ್ ಏರುತ್ತೆ ಅಷ್ಟೇ, ಅಂದ್ರೆ ಕೇಳಿಸಿಕೊಂಡೋರಿಗೆ ‘ಸ್ವಲ್ಪ ಏರಿತು’ ಅನ್ನಿಸುತ್ತೆ. ದುಪ್ಪಟ್ಟು ಜೋರು ಅನ್ನಿಸಬೇಕಾದ್ರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ರೆ ಸ್ಪೀಕರಿಗೂ ಕಿವಿಗೂ ಇರುವ ದೂರ ಅರ್ಧ ಮಾಡಿ ನೋಡಿ. ಆರು ಅಡಿ ದೂರ ಇದ್ದದ್ದನ್ನು ಮೂರು ಅಡಿಗೆ ತನ್ನಿ. ನೇರವಾಗಿ ಬರುವ ಸೌಂಡು ಸುಮಾರು 6 ಡೆಸಿಬಲ್ ಏರುತ್ತೆ. ಅದು ನಾಲ್ಕು ಪಟ್ಟು ವ್ಯಾಟ್ ಕೊಟ್ಟಷ್ಟಕ್ಕೆ ಸಮ. ಎರಡು ಸಾವಿರ ಕೊಟ್ಟು ತರಬೇಕಿದ್ದದ್ದು ವಯರ್ ಸ್ವಲ್ಪ ಎಳೆದದ್ದರಲ್ಲೇ ಬಂತು.

ಇಡೋ ಜಾಗವೇ ಅರ್ಧ ಸ್ಪೀಕರ್

ಎರಡು ಸ್ಪೀಕರನ್ನೂ ಮಾನಿಟರಿನ ಹಿಂದೆ, ಒಂದಕ್ಕೊಂದು ಅಂಟಿಸಿ ಇಟ್ಟಿರೋರೇ ಜಾಸ್ತಿ. ಇನ್ನು ಕೆಲವರು ಒಂದನ್ನು ಮೇಜಿನ ಮೇಲೆ, ಇನ್ನೊಂದನ್ನು ಸಿಪಿಯು ಪಕ್ಕ ನೆಲದ ಮೇಲೆ ಇಟ್ಟಿರ್ತಾರೆ. ವಯರ್ ಸಾಲಲಿಲ್ಲ ಅನ್ನೋದು ಕಾರಣ. ಎರಡೂ ತಪ್ಪು.

ಸರಿಯಾದ ರೀತಿ ಹೀಗೆ: ನೀವು ಕೂರುವ ಜಾಗದಿಂದ ಎಡ ಸ್ಪೀಕರಿಗೆ ಎಷ್ಟು ದೂರವೋ ಬಲ ಸ್ಪೀಕರಿಗೂ ಅಷ್ಟೇ ದೂರ, ಆ ಎರಡರ ನಡುವೆಯೂ ಹೆಚ್ಚೂಕಮ್ಮಿ ಅಷ್ಟೇ. ಮೂರು ಬದಿ ಸಮ ಇರುವ ತ್ರಿಕೋನ ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅದೇ. ಎರಡರ ಮುಖವೂ ನಿಮ್ಮ ಕಡೆ ಸ್ವಲ್ಪ ತಿರುಗಿರಲಿ. ಮಾನಿಟರಿನ ಅಂಚಿಗಿಂತ ಮುಂದೆ ಇರಲಿ, ಹಿಂದೆ ಬೇಡ. ಮುಂದೆ ಟೀ ಲೋಟ, ಪುಸ್ತಕ, ಕ್ಯಾಲೆಂಡರ್ ಅಡ್ಡ ಇಡಬೇಡಿ.

ಇನ್ನು ಎತ್ತರ. ಇದನ್ನು ಎಲ್ಲರೂ ಮರೀತಾರೆ, ಆದ್ರೆ ಮಾತು ತಿಳಿಯದೇ ಹೋಗೋದಕ್ಕೆ ದೊಡ್ಡ ಕಾರಣವೇ ಇದು. ಮಾತಿನ ಸ್ವರಗಳು, ಅಂದ್ರೆ ಅ ಆ ಓ ಇಂಥವು, ಕೆಳಗಿನ ಕಂಪನಗಳಲ್ಲಿರುತ್ತವೆ. ಸ, ಶ, ಫ, ತ, ಕ ಇಂಥ ವ್ಯಂಜನಗಳ ಗುರುತು ಸಿಗೋದು ಮೇಲಿನ ಕಂಪನಗಳಲ್ಲಿ, ಸುಮಾರು 2000 ಹರ್ಟ್ಸ್‌ನಿಂದ ಮೇಲಕ್ಕೆ. ಕೆಳಗಿನ ಕಂಪನ ನೀರಿನ ಹಾಗೆ ಎಲ್ಲ ಕಡೆ ಹರಡಿಕೊಳ್ಳುತ್ತೆ. ಮೇಲಿನದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತೆ. ಸ್ಪೀಕರ್ ಮೇಜಿನ ಮೇಲೆ ಹೊಟ್ಟೆ ಮಟ್ಟದಲ್ಲಿದ್ರೆ ಆ ಟಾರ್ಚು ನಿಮ್ಮ ಎದೆಗೆ ಬೀಳುತ್ತೆ, ಕಿವಿಗಲ್ಲ. ಜೊತೆಗೆ ಮೇಜಿನ ಹಲಗೆಗೆ ಬಡಿದು ವಾಪಸ್ ಬಂದ ಸೌಂಡು ನೇರ ಬಂದದ್ದರ ಜೊತೆ ಕಲಸಿಹೋಗುತ್ತೆ. ಆದ್ದರಿಂದ ಕಿವಿ ಮಟ್ಟಕ್ಕೆ ಎತ್ತಬೇಕು, ಇಲ್ಲವೇ ಮುಖ ಮೇಲಕ್ಕೆ ಬರುವ ಹಾಗೆ ಹಿಂದಕ್ಕೆ ವಾಲಿಸಬೇಕು.

ಸ್ಟ್ಯಾಂಡ್ ಕೊಳ್ಳಬೇಕಾಗಿಲ್ಲ. ಎರಡೆರಡು ಇಟ್ಟಿಗೆಯನ್ನು ಹಳೇ ಬಟ್ಟೆ ಸುತ್ತಿ ಇಟ್ಟರೆ ಅದಕ್ಕಿಂತ ಗಟ್ಟಿ ಸ್ಟ್ಯಾಂಡ್ ಇಲ್ಲ. ಹಳೇ ಗೈಡ್ ಪುಸ್ತಕಗಳೂ ಆಗುತ್ತೆ, ಪರೀಕ್ಷೆ ಮುಗಿದ ಮೇಲೆ ಅದಕ್ಕೆ ಬೇರೆ ಉಪಯೋಗ ಇಲ್ಲವಲ್ಲ. ಸ್ಪೀಕರಿನ ಕೆಳಗೆ ನಾಲ್ಕು ಮೂಲೆಗೆ ರಬ್ಬರ್ ತುಂಡು ಕೊಡಿ. ಸವೆದ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ತೊಳೆದು ಇಟ್ಟರೆ ಇದಕ್ಕೆ ಪ್ರಶಸ್ತ. ಚಪ್ಪಲಿ ಮೇಜಿನ ಮೇಲೆ ಇಟ್ಟೆ ಅಂತ ಮನೆಯಲ್ಲಿ ಬೈಸಿಕೊಳ್ಳೋ ಹಾಗಿದ್ರೆ ಹಳೇ ಸೈಕಲ್ ಟ್ಯೂಬನ್ನು ಎರಡು ಮೂರು ಮಡಿಕೆ ಮಾಡಿ ಇಡಿ. ಇದರಿಂದ ಸ್ಪೀಕರಿನ ನಡುಕ ಮೇಜಿಗೆ ಇಳಿಯೋದು ತಪ್ಪುತ್ತೆ. ಪ್ಲೈವುಡ್ ಮೇಜು, ತಗಡಿನ ಬೀರು, ಅದರ ಮೇಲಿನ ಸ್ಟೀಲ್ ಡಬ್ಬಿ, ಇವೆಲ್ಲ ಸೇರಿ ‘ಝರ್’ ಅನ್ನೋದನ್ನು ಎಷ್ಟೋ ಜನ ಸ್ಪೀಕರ್ ಹರಿದುಹೋಗಿದೆ ಅಂತ ತಿಳ್ಕೊಂಡಿರ್ತಾರೆ. ಒಮ್ಮೆ ಸ್ಪೀಕರನ್ನು ಕೈಯಲ್ಲಿ ಎತ್ತಿ ಹಿಡಿದು ಅದೇ ಹಾಡು ಹಾಕಿ ನೋಡಿ. ಝರ್ ನಿಂತರೆ ಕಳ್ಳ ಮೇಜು, ಸ್ಪೀಕರ್ ಅಲ್ಲ.

ಗೋಡೆಯಿಂದ ಒಂದು ಗೇಣಾದ್ರೂ ಮುಂದಕ್ಕಿರಲಿ. ಗೋಡೆ ಹತ್ತಿರ ಬಂದಷ್ಟೂ ಕೆಳಗಿನ ಸೌಂಡು ಉಬ್ಬುತ್ತೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಇನ್ನೂ ಉಬ್ಬುತ್ತೆ. ತೀರಾ ಪೀಚಲು ದನಿಯ ಪುಟ್ಟ ಸ್ಪೀಕರ್ ಆದ್ರೆ ಇದು ಉಪಕಾರವೇ, ಗೋಡೆಗೆ ಸ್ವಲ್ಪ ಹತ್ತಿರ ತಂದ್ರೆ ಮೈ ತುಂಬಿಕೊಳ್ಳುತ್ತೆ. ವೂಫರ್ ಇರುವ ಸೆಟ್ಟಿಗೆ ಮಾತ್ರ ಮೂಲೆ ಅಂದ್ರೆ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ. ಶೋಕೇಸಿನ ಗೂಡಿನೊಳಗಂತೂ ಯಾವುದನ್ನೂ ಇಡಬೇಡಿ.

ಕೋಣೆಗೆ ಕಂಬಳಿ ಹೊದಿಸಿ

ನಮ್ಮ ಕಡೆಯ ಈಗಿನ ಮನೆಗಳು ಸೌಂಡಿಗೆ ಶತ್ರು. ಆರ್‌ಸಿಸಿ ಸೂರು, ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್ ಅಥವಾ ಗ್ರಾನೈಟ್. ಹತ್ತು ಅಡಿಗೆ ಹತ್ತು ಅಡಿ ಕೋಣೆ. ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟಣ್ಣ್’ ಅಂತ ಬಾಲ ಉಳಿದರೆ ಅದೇ ಬಾಲ ನಿಮ್ಮ ಸ್ಪೀಕರಿನ ಪ್ರತಿ ಮಾತಿಗೂ ಅಂಟಿಕೊಳ್ಳುತ್ತೆ. ಮೊದಲ ಅಕ್ಷರದ ಬಾಲ ಎರಡನೇ ಅಕ್ಷರದ ಮೇಲೆ ಬಿದ್ದು ಕಲಸುಮೇಲೋಗರ. ಇಲ್ಲಿ ವಾಲ್ಯೂಮ್ ಏರಿಸಿದ್ರೆ ಬಾಲವೂ ಏರುತ್ತೆ, ಲಾಭ ಸೊನ್ನೆ. ಹಳೇ ತೊಟ್ಟಿಮನೆಗಳಲ್ಲಿ ಮಣ್ಣಿನ ಗೋಡೆ, ಮರದ ಅಟ್ಟ, ಮೇಲೆ ತೆರೆದ ಆಕಾಶ ಇದ್ದಾಗ ಈ ತೊಂದರೆ ಇಷ್ಟು ಇರಲಿಲ್ಲ.

ಬೇಕಾದ್ದು ಮೆತ್ತನೆಯ, ದಪ್ಪನೆಯ, ಗಾಳಿ ಆಡುವ ವಸ್ತು. ಕುರಿ ಉಣ್ಣೆಯ ಕಂಬಳಿ ಇದ್ರೆ ಅದಕ್ಕಿಂತ ಒಳ್ಳೇದು ಅಗ್ಗದಲ್ಲಿ ಸಿಗಲ್ಲ. ಸ್ಪೀಕರಿನ ಎದುರಿನ ಗೋಡೆಗೆ, ಅಂದ್ರೆ ನಿಮ್ಮ ಬೆನ್ನ ಹಿಂದೆ, ಒಂದು ಕಂಬಳಿಯನ್ನು ಮಡಿಕೆ ಬರುವ ಹಾಗೆ ಸಡಿಲವಾಗಿ ನೇತುಹಾಕಿ. ಗೋಡೆಗೂ ಕಂಬಳಿಗೂ ಎರಡು ಮೂರು ಇಂಚು ಸಂದು ಇದ್ರೆ ಇನ್ನೂ ಚೆನ್ನ. ನೆಲಕ್ಕೆ ಜಮಖಾನ ಹಾಸಿ. ಹತ್ತಿ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದ್ರೂ ಸೌಂಡ್ ಹೀರುತ್ತೆ. ಬಟ್ಟೆ ತುಂಬಿದ ತೆರೆದ ಗೂಡು, ಪುಸ್ತಕ ಹೆಚ್ಚೂಕಮ್ಮಿ ಜೋಡಿಸಿದ ಕಪಾಟು, ಎಲ್ಲವೂ ಉಪಯೋಗಕ್ಕೆ ಬರುತ್ತೆ. ತೆಳುವಾದ ನೈಲಾನ್ ಪರದೆ ಮಾತ್ರ ನೋಡೋದಕ್ಕೆ ಅಷ್ಟೇ.

ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿದ್ರೆ ಸ್ಟುಡಿಯೋ ಥರ ಆಗುತ್ತೆ ಅನ್ನೋ ಮಾತು ಊರೂರಲ್ಲಿ ಇದೆ. ಅದರಿಂದ ಆಗೋ ಪ್ರಯೋಜನ ತೀರಾ ಅಲ್ಪ, ಮಾತಿನ ಮುಖ್ಯ ಭಾಗಕ್ಕೆ ಅದು ಏನೂ ಮಾಡಲ್ಲ. ಮೇಲಾಗಿ ಒಣ ಕಾಗದ, ಒಂದು ಕಿಡಿ ಬಿದ್ರೆ ಗೋಡೆಯೆಲ್ಲ ಹೊತ್ತಿಕೊಳ್ಳುತ್ತೆ. ಥರ್ಮೋಕೋಲ್ ಇನ್ನೂ ಕೆಟ್ಟದ್ದು: ಸೌಂಡ್ ಹೀರಲ್ಲ, ಹೊತ್ತಿದ್ರೆ ವಿಷದ ಹೊಗೆ. ಎರಡೂ ಬೇಡ.

ಇನ್ನೊಂದು ವಿಷಯ. ಚೌಕದ ಕೋಣೆಯಲ್ಲಿ ಕೆಳಗಿನ ಸೌಂಡು ಕೆಲವು ಕಡೆ ಗುಡ್ಡೆ ಬೀಳುತ್ತೆ, ಕೆಲವು ಕಡೆ ಮಾಯ ಆಗುತ್ತೆ. ಸರಿಯಾಗಿ ನಡುಮಧ್ಯದಲ್ಲಿ ಕೂತರೆ ಡೋಲು ಸತ್ತ ಹಾಗೆ ಇರುತ್ತೆ. ಗೋಡೆಗೆ ಒರಗಿ ಕೂತರೆ ತಲೆ ಮೇಲೆ ಬಡಿದ ಹಾಗೆ. ಕುರ್ಚಿಯನ್ನು ಒಂದೆರಡು ಅಡಿ ಹಿಂದೆ ಮುಂದೆ ಸರಿಸಿ ನೋಡಿ.

ಪಿನ್ನು, ವಯರು ಮಾಡುವ ಮೋಸ

ಇದು ಸ್ಪೀಕರ್ ರಿಪೇರಿ ಮಾಡೋರಿಗೆ ಚೆನ್ನಾಗಿ ಗೊತ್ತಿರುವ ತಮಾಷೆ. ಹಾಡು ಹಾಕಿದ್ರೆ ವಾದ್ಯ ಎಲ್ಲ ಕೇಳುತ್ತೆ, ಹಾಡುವವರ ದನಿ ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಸಿನಿಮಾದಲ್ಲಿ ಸಂಗೀತ ಇರುತ್ತೆ, ಮಾತಿಲ್ಲ. ಸ್ಪೀಕರ್ ಹೋಯ್ತು ಅಂತ ಜನ ಬಿಸಾಡ್ತಾರೆ. ಆಗಿರೋದು ಇಷ್ಟೇ: 3.5 ಎಂಎಂ ಪಿನ್ನು ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಅದರ ಬುಡದ ಗ್ರೌಂಡ್ ಎಳೆ ಕಡಿದಿದೆ. ಹಾಡುವವರ ದನಿಯನ್ನು ರೆಕಾರ್ಡಿಂಗಿನಲ್ಲಿ ಎಡ ಬಲ ಎರಡಕ್ಕೂ ಸಮನಾಗಿ ಹಾಕಿರ್ತಾರೆ. ಗ್ರೌಂಡ್ ತಪ್ಪಿದಾಗ ಸ್ಪೀಕರಿಗೆ ಹೋಗೋದು ಎಡ ಬಲಗಳ ವ್ಯತ್ಯಾಸ ಮಾತ್ರ. ಎರಡರಲ್ಲೂ ಒಂದೇ ಇದ್ದದ್ದು ಕಳೆದುಹೋಗುತ್ತೆ. ಪಿನ್ನನ್ನು ‘ಟಕ್’ ಅನ್ನೋವರೆಗೆ ಒತ್ತಿ. ಮೊಬೈಲಿಗೆ ದಪ್ಪ ಕವರ್ ಹಾಕಿದ್ರೆ ಅದನ್ನು ತೆಗೆದು ಒತ್ತಿ, ಎಷ್ಟೋ ಸಲ ಕವರೇ ಅಡ್ಡ ಇರುತ್ತೆ. ಸರಿ ಹೋಗದಿದ್ರೆ ಪಿನ್ ಕತ್ತರಿಸಿ ಹೊಸದು ಬೆಸುಗೆ ಹಾಕಿಸೋದು ಸಣ್ಣ ಖರ್ಚಿನ ಕೆಲಸ.

ಕಂಪ್ಯೂಟರಿನ ಹಿಂದೆ ಹಸಿರು ಬಣ್ಣದ ತೂತಿಗೇ ಪಿನ್ ಹಾಕಬೇಕು. ಗುಲಾಬಿ ಮೈಕಿಗೆ, ನೀಲಿ ಬೇರೆ ಕಡೆಯ ಸೌಂಡ್ ಒಳಗೆ ತರೋದಕ್ಕೆ.

ಇನ್ನು 2.1 ಸೆಟ್‌ನ ಸಣ್ಣ ಸ್ಪೀಕರುಗಳಿಗೆ, ಹಳೇ ಮ್ಯೂಸಿಕ್ ಸಿಸ್ಟಂಗಳಿಗೆ, ತುದಿ ಸುಲಿದ ಎರಡು ಎಳೆ ವಯರನ್ನು ಕೆಂಪು ಕಪ್ಪು ಕ್ಲಿಪ್ಪಿಗೆ ಸಿಕ್ಕಿಸೋದಿರುತ್ತಲ್ಲ. ಎರಡು ಸ್ಪೀಕರಿನಲ್ಲಿ ಒಂದಕ್ಕೆ ಮಾತ್ರ ಕೆಂಪು ಕಪ್ಪು ಅದಲುಬದಲಾದ್ರೆ ಒಂದು ಪರದೆ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ನುಂಗುತ್ತೆ. ಏನೂ ಕೆಟ್ಟಿರಲ್ಲ, ಏನೂ ಬಿಸಿಯಾಗಲ್ಲ, ಆದ್ರೆ ತಬಲಾದ ಎಡ ಮಾಯ, ಮಾತು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ. ಪರೀಕ್ಷೆ ಸುಲಭ: ಎರಡೂ ಸ್ಪೀಕರನ್ನು ಎದುರುಬದುರು, ಒಂದು ಇಂಚು ಸಂದು ಬಿಟ್ಟು ಇಡಿ. ಒಂದೇ ಮೈಕಿನಲ್ಲಿ ಮಾತಾಡಿದ ಯಾವುದಾದ್ರೂ ಭಾಷಣ ಹಾಕಿ. ಈಗ ಒಂದರ ವಯರ್ ಮಾತ್ರ ತಿರುಗಿಸಿ ಮತ್ತೆ ಕೇಳಿ. ಯಾವಾಗ ದನಿ ದಪ್ಪಗೆ, ಗಟ್ಟಿಯಾಗಿ ಬರುತ್ತೋ ಅದೇ ಸರಿಯಾದ ಜೋಡಣೆ. ವಯರ್ ಬದಲಿಸುವಾಗ ಮೇನ್ ಸ್ವಿಚ್ ಆಫ್ ಮಾಡಿರಬೇಕು, ಎಳೆಗಳು ಒಂದಕ್ಕೊಂದು ತಾಗಬಾರದು.

ವಾಲ್ಯೂಮ್ ತಿರುಗಿಸಿದಾಗ ‘ಕರಕರ’ ಅಂದ್ರೆ ಒಳಗೆ ಧೂಳು ಕೂತಿದೆ ಅಂತ ಅರ್ಥ. ಆಫ್ ಮಾಡಿ ಆ ತಿರುಗಣೆಯನ್ನು ಹಿಂದೆ ಮುಂದೆ ಇಪ್ಪತ್ತು ಮೂವತ್ತು ಸಲ ತಿರುಗಿಸಿದ್ರೆ ಎಷ್ಟೋ ಸಲ ಬಿಡುತ್ತೆ. ಬಿಡದಿದ್ರೆ ರಿಪೇರಿ ಅಂಗಡಿಯವರ ಹತ್ತಿರ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇರುತ್ತೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನ್ ಎಣ್ಣೆ ಬಿಡಬೇಡಿ. ಆ ಕ್ಷಣಕ್ಕೆ ಸರಿ ಹೋದ ಹಾಗೆ ಕಂಡ್ರೂ ಎಣ್ಣೆಗೆ ಧೂಳು ಮೆತ್ತಿ ಮುಂದೆ ಪೂರ್ತಿ ಕೆಡುತ್ತೆ.

ಗುಂಯ್ ಅನ್ನೋ ಸದ್ದು: ಇಲ್ಲಿ ಮಾತ್ರ ಜೋಪಾನ

ಹಾಡು ನಿಲ್ಲಿಸಿದ್ರೂ ಸ್ಪೀಕರ್ ‘ಗುಂಯ್’ ಅಂತಿದ್ರೆ ಅದು ಕರೆಂಟಿನ 50 ಹರ್ಟ್ಸ್ ಅಥವಾ ಅದರ ದುಪ್ಪಟ್ಟು 100 ಹರ್ಟ್ಸ್ ಸದ್ದು. ಮೊದಲು ಆಕ್ಸ್ ಪಿನ್ ಕಂಪ್ಯೂಟರಿನಿಂದ ಕಿತ್ತು ನೋಡಿ. ಆಗ ನಿಂತರೆ ತೊಂದರೆ ಕಂಪ್ಯೂಟರ್ ಮತ್ತು ಸ್ಪೀಕರಿನ ನಡುವಿನ ಜೋಡಣೆಯದ್ದು. ಕಂಪ್ಯೂಟರ್ ಒಂದು ಪ್ಲಗ್ಗಿನಲ್ಲಿ, ಸ್ಪೀಕರ್ ಆಚೆ ಗೋಡೆಯ ಇನ್ನೊಂದು ಪ್ಲಗ್ಗಿನಲ್ಲಿ, ಜೊತೆಗೆ ಟಿವಿ, ಸೆಟ್‌ಟಾಪ್ ಬಾಕ್ಸ್ ಮೂರನೇ ಕಡೆ. ಅರ್ಥ್ ದಾರಿಗಳು ಒಂದಕ್ಕಿಂತ ಹೆಚ್ಚಾದಾಗ ಅವುಗಳ ನಡುವೆ ಸಣ್ಣ ಕರೆಂಟ್ ಸುತ್ತು ಹೊಡೆಯುತ್ತೆ, ಅದೇ ಸ್ಪೀಕರಿನಲ್ಲಿ ಕೇಳೋದು. ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದ್ರೆ ಬಹಳಷ್ಟು ಸಲ ನಿಲ್ಲುತ್ತೆ. ನಿಲ್ಲದಿದ್ರೆ ‘ಗ್ರೌಂಡ್ ಲೂಪ್ ಐಸೋಲೇಟರ್’ ಅನ್ನೋ ಸಣ್ಣ ಡಬ್ಬಿ ಆಕ್ಸ್ ವಯರಿನ ಮಧ್ಯೆ ಹಾಕಬಹುದು.

ಕೆಲವರು ಇದಕ್ಕೆ ಇನ್ನೊಂದು ‘ಉಪಾಯ’ ಹೇಳಿಕೊಡ್ತಾರೆ: ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗಿರುವ ಮೇಲಿನ ಪಿನ್ ಮುರಿದುಬಿಡಿ, ಸದ್ದು ನಿಲ್ಲುತ್ತೆ ಅಂತ. ಸದ್ದು ನಿಲ್ಲಲೂಬಹುದು. ಆದ್ರೆ ಆ ಪಿನ್ನು ಇರೋದು ಸೌಂಡಿಗಲ್ಲ, ಜೀವಕ್ಕೆ. ಕಂಪ್ಯೂಟರಿನ ಒಳಗೆ ಎಲ್ಲಾದ್ರೂ ಕರೆಂಟ್ ತಗಡಿಗೆ ಮುಟ್ಟಿದ್ರೆ ಅದು ಅರ್ಥ್ ಮೂಲಕ ಭೂಮಿಗೆ ಹೋಗಬೇಕು. ಆ ದಾರಿ ಮುರಿದಿಟ್ಟರೆ ಮುಟ್ಟಿದವರ ಮೈ ಮೂಲಕ ಹೋಗುತ್ತೆ. ಸಿಪಿಯು ಡಬ್ಬ ಮುಟ್ಟಿದಾಗ, ಆಂಪ್ಲಿಫೈಯರ್ ತಗಡು ಮುಟ್ಟಿದಾಗ ‘ಜುಮ್’ ಅಂತಿದ್ರೆ ಅದು ಅರ್ಥಿಂಗ್ ಸರಿ ಇಲ್ಲ ಅನ್ನೋದರ ಗುರುತು. ಮನೆ ಕಟ್ಟಿಸುವಾಗ ಹಾಕಿದ ಅರ್ಥಿಂಗ್ ಗುಂಡಿ ಒಣಗಿರಬಹುದು, ವಯರ್ ತುಕ್ಕು ಹಿಡಿದಿರಬಹುದು. ಸ್ಪೀಕರ್ ವಿಷಯ ಬದಿಗಿಟ್ಟು ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆದು ತೋರಿಸಿ. ಅಂಗಡಿಯವರಿಗೂ ಇದೇ ಮಾತು. ಗಿರಾಕಿಯ ಗುಂಯ್ ನಿಲ್ಲಿಸೋದಕ್ಕೆ ದಯವಿಟ್ಟು ಯಾರೂ ಅರ್ಥ್ ಪಿನ್ ಮುರಿದು ಕೊಡಬೇಡಿ.

ಕರೆಂಟ್ ಹೋದಾಗ ಮಾತ್ರ ಗುಂಯ್ ಬಂದ್ರೆ ಅದು ಇನ್ವರ್ಟರ್ ಕೆಲಸ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರುಗಳು ಕೊಡುವ ಕರೆಂಟೇ ಒರಟು; ಫ್ಯಾನ್ ಕೂಡ ಅದಕ್ಕೆ ಮುಲುಗುತ್ತೆ. ಮುಂದಿನ ಸಲ ಕೊಳ್ಳುವಾಗ ಸೈನ್ ವೇವ್ ನೋಡಿ, ಅಲ್ಲಿಯವರೆಗೆ ಸಹಿಸಿಕೊಳ್ಳಿ. ಯುಎಸ್‌ಬಿ ಸ್ಪೀಕರಿನಲ್ಲಿ ಮೌಸ್ ಆಡಿಸಿದಾಗೆಲ್ಲ ‘ಕಿಚಿಕಿಚಿ’ ಅಂದ್ರೆ ಯುಎಸ್‌ಬಿ ಕರೆಂಟಿನಲ್ಲೇ ಗಲೀಜಿದೆ. ಮೊಬೈಲ್ ಜೊತೆ ಬಂದ ಒಳ್ಳೆ ಚಾರ್ಜರಿಗೆ ಆ ಯುಎಸ್‌ಬಿ ಹಾಕಿ ನೋಡಿ. ಕರೆ ಬರೋ ಮುಂಚೆ ‘ಟಕ ಟಕ ಟರ್ರ್’ ಅನ್ನೋದು 2ಜಿ ಮೊಬೈಲಿನ ಅಲೆ, ಫೋನ್ ಎರಡು ಅಡಿ ಆಚೆ ಇಟ್ಟರೆ ಸಾಕು.

ಕಂಪ್ಯೂಟರಿನ ಒಳಗೆ ಏನು ಮಾಡೋದು

ವಾಲ್ಯೂಮ್ ಎರಡು ಮೂರು ಕಡೆ ಇರುತ್ತೆ: ಪ್ಲೇಯರಿನಲ್ಲಿ, ವಿಂಡೋಸ್‌ನಲ್ಲಿ, ಸ್ಪೀಕರಿನಲ್ಲಿ. ಕಂಪ್ಯೂಟರಿನ ಒಳಗಿನದ್ದನ್ನು 80ರಿಂದ 90ಕ್ಕೆ ಇಟ್ಟು, ಸ್ಪೀಕರಿನ ತಿರುಗಣೆಯಲ್ಲಿ ಬೇಕಾದಷ್ಟು ಮಾಡ್ಕೊಳ್ಳಿ. ಉಲ್ಟಾ ಮಾಡಿದ್ರೆ, ಅಂದ್ರೆ ಕಂಪ್ಯೂಟರಿನಲ್ಲಿ 20 ಇಟ್ಟು ಸ್ಪೀಕರ್ ಪೂರ್ತಿ ತಿರುಗಿಸಿದ್ರೆ, ಹಾಡಿಗಿಂತ ‘ಸ್ಸ್’ ಸದ್ದೇ ಜಾಸ್ತಿ. ವಿಎಲ್‌ಸಿ ಪ್ಲೇಯರಿನಲ್ಲಿ ವಾಲ್ಯೂಮ್ 100 ದಾಟಿ ಹೋಗುತ್ತೆ. ಅದು ಉಚಿತ ವ್ಯಾಟ್ ಅಲ್ಲ. ಜೋರಾಗಿ ರೆಕಾರ್ಡ್ ಆಗಿರೋ ಹಾಡಿಗೆ ಹಾಗೆ ಮಾಡಿದ್ರೆ ಅಲೆಯ ತಲೆ ಕತ್ತರಿಸಿಹೋಗಿ ದನಿ ಒಡೆಯುತ್ತೆ. ತೀರಾ ಮೆಲ್ಲಗೆ ರೆಕಾರ್ಡ್ ಆದ ಪಾಠಕ್ಕೆ ಮಾತ್ರ ಬಳಸಿ.

ಈಕ್ವಲೈಜರ್ ಅಂದ ಕೂಡಲೇ ನಮ್ಮ ಹುಡುಗರು ಮಾಡೋದು ಬಾಸ್ ಪೂರ್ತಿ ಮೇಲೆ, ಟ್ರೆಬಲ್ ಪೂರ್ತಿ ಮೇಲೆ, ಮಧ್ಯದ್ದು ಕೆಳಗೆ. ಎರಡೂವರೆ ಇಂಚಿನ ಪರದೆಗೆ ಕೆಳಗಿನ ಕಂಪನ ಹುಟ್ಟಿಸುವಷ್ಟು ಗಾಳಿ ತಳ್ಳೋ ತಾಕತ್ತೇ ಇಲ್ಲ. ನೀವು 60 ಹರ್ಟ್ಸ್ ಏರಿಸಿದ್ರೆ ಅದು ಸೌಂಡಾಗಿ ಹೊರಗೆ ಬರಲ್ಲ, ಇರುವ ಎರಡು ವ್ಯಾಟನ್ನು ನುಂಗಿ ಪರದೆಯನ್ನು ಸುಮ್ಮನೆ ಕುಣಿಸುತ್ತೆ, ಉಳಿದ ದನಿಯನ್ನೂ ಕೆಡಿಸುತ್ತೆ. ಉಲ್ಟಾ ಮಾಡಿ. ವಿಎಲ್‌ಸಿಯ ‘ಟೂಲ್ಸ್’ ಒಳಗೆ ‘ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್’ ತೆಗೆದು ಈಕ್ವಲೈಜರ್ ಆನ್ ಮಾಡಿ, ಎಡ ತುದಿಯ 60ರ ಹತ್ತಿರದ್ದನ್ನು ಪೂರ್ತಿ ಇಳಿಸಿ. ದನಿ ಡಬ್ಬಿಯೊಳಗಿಂದ ಬಂದ ಹಾಗಿದ್ರೆ 300ರ ಹತ್ತಿರದ್ದನ್ನು ಮೂರು ನಾಲ್ಕು ಡೆಸಿಬಲ್ ತಗ್ಗಿಸಿ. ಮಾತು ತಿಳಿಯಬೇಕಾದ್ರೆ 3000ದ್ದನ್ನು ಎರಡು ಮೂರು ಏರಿಸಿ, ಅದಕ್ಕಿಂತ ಬೇಡ, ಕಿವಿ ಚುಚ್ಚುತ್ತೆ. ಇಡೀ ಕಂಪ್ಯೂಟರಿಗೆ ಇದೇ ಬೇಕು, ಯೂಟ್ಯೂಬಿಗೂ ಬೇಕು ಅನ್ನೋರಿಗೆ ‘ಈಕ್ವಲೈಜರ್ ಎಪಿಒ’ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ.

ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲಿ ಕೆಲವು ಕಂಪ್ಯೂಟರುಗಳಲ್ಲಿ ‘ಲೌಡ್‌ನೆಸ್ ಈಕ್ವಲೈಸೇಷನ್’ ಅಂತ ಒಂದು ಟಿಕ್ ಇರುತ್ತೆ. ಮೆಲ್ಲಗಿನ ಮಾತು ಏರಿಸಿ ಜೋರಿನದ್ದು ತಗ್ಗಿಸುತ್ತೆ. ಹಾಡಿಗೆ ಬೇಡ, ಜೀವ ಹೋಗುತ್ತೆ. ಆನ್‌ಲೈನ್ ಪಾಠಕ್ಕೆ, ರಾತ್ರಿ ಹೊತ್ತು ಸಿನಿಮಾಕ್ಕೆ, ಕಿವಿ ಮಂದ ಇರೋ ಹಿರಿಯರಿಗೆ ವರ.

ಬ್ಲೂಟೂತ್ ಸ್ಪೀಕರಿನಲ್ಲಿ ಆನ್‌ಲೈನ್ ಕ್ಲಾಸ್ ಕೇಳುವಾಗ ಇದ್ದಕ್ಕಿದ್ದ ಹಾಗೆ ಹಳೇ ಲ್ಯಾಂಡ್‌ಲೈನ್ ಫೋನಿನ ಥರ ದನಿ ಬಂದ್ರೆ ಸ್ಪೀಕರ್ ಕೆಟ್ಟಿಲ್ಲ. ಅದರೊಳಗಿನ ಮೈಕ್ ಕೂಡ ಆನ್ ಆಗಿದೆ, ಆಗ ಬ್ಲೂಟೂತ್ ಕರೆಯ ಮಟ್ಟಕ್ಕೆ ಇಳಿಯುತ್ತೆ. ಮೈಕ್ ಅಂತ ಲ್ಯಾಪ್‌ಟಾಪಿನದ್ದನ್ನೇ ಆರಿಸಿ. ವಯರ್ ಹಾಕುವ ಅವಕಾಶ ಇದ್ರೆ ವಯರೇ ಹಾಕಿ ಅನ್ನೋದು ನಮ್ಮ ಅಭಿಪ್ರಾಯ.

ವೂಫರ್ ಇದ್ದವರಿಗೆ

ಇಡೋ ಜಾಗ ಹುಡುಕೋದಕ್ಕೆ ಒಂದು ಹಳೇ ಉಪಾಯ ಇದೆ. ವೂಫರ್ ಡಬ್ಬವನ್ನು ನೀವು ಕೂರುವ ಕುರ್ಚಿಯ ಮೇಲೆ ಇಟ್ಟು ಮೃದಂಗ ಅಥವಾ ಡೊಳ್ಳಿನ ಹಾಡು ಹಾಕಿ. ಕೋಣೆಯ ಅಂಚಿನುದ್ದಕ್ಕೂ ಮಂಡಿಯೂರಿ ಹೋಗ್ತಾ ಕೇಳಿ. ಎಲ್ಲಿ ಪೆಟ್ಟು ಗುಡುಗದೆ, ಬಿಡಿಬಿಡಿಯಾಗಿ ಕೇಳುತ್ತೋ ಅಲ್ಲಿ ವೂಫರ್ ಇಡಿ, ನೀವು ಕುರ್ಚಿಗೆ ವಾಪಸ್ ಹೋಗಿ. ನೋಡಿದವರು ನಗಬಹುದು, ಬಾಗಿಲು ಹಾಕ್ಕೊಳ್ಳಿ. ಬಾಸ್ ತಿರುಗಣೆ ಅರ್ಧಕ್ಕಿಂತ ಕೆಳಗಿರಲಿ. ಗಾಳಿ ಬರೋ ತೂತು ಗೋಡೆಗೆ ಒತ್ತಿರಬಾರದು. ಆ ತೂತಿನೊಳಗೆ ಇಲಿ, ಜಿರಳೆ ಸಂಸಾರ ಹೂಡೋದುಂಟು, ಸಣ್ಣ ಜಾಲರಿ ಕಟ್ಟಿ.

ಅಂಗಡಿ, ಹೋಟೆಲ್ ಇಟ್ಟಿರೋರಿಗೆ

ಅಂಗಡಿಯಲ್ಲಿ ಎಡ ಸ್ಪೀಕರ್ ಗಲ್ಲಾ ಹತ್ತಿರ, ಬಲ ಸ್ಪೀಕರ್ ಹಿಂದಿನ ಗೋಡೌನ್ ಬಾಗಿಲ ಹತ್ತಿರ ಇಟ್ಟರೆ ಒಂದು ಕಡೆ ಪಿಟೀಲು, ಇನ್ನೊಂದು ಕಡೆ ತಬಲಾ. ಯಾರಿಗೂ ಪೂರ್ತಿ ಹಾಡಿಲ್ಲ. ಇಲ್ಲಿ ಸ್ಟೀರಿಯೋ ಬೇಡವೇ ಬೇಡ. ಮೊಬೈಲಿನಲ್ಲೂ ವಿಂಡೋಸ್‌ನಲ್ಲೂ ‘ಆಕ್ಸೆಸಿಬಿಲಿಟಿ’ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಅಂತಿರುತ್ತೆ, ಅದನ್ನು ಆನ್ ಮಾಡಿ. ಎರಡರಲ್ಲೂ ಒಂದೇ ಹಾಡು ಬರುತ್ತೆ. ಒಂದು ಕಿವಿ ಮಾತ್ರ ಚೆನ್ನಾಗಿ ಕೇಳುವವರಿಗೂ ಇದೇ ಸೆಟ್ಟಿಂಗ್ ಉಪಯೋಗ. ಒಂದು ದೊಡ್ಡ ಡಬ್ಬವನ್ನು ಬಾಗಿಲಲ್ಲಿಟ್ಟು ಅರಚಿಸೋದಕ್ಕಿಂತ ಎರಡು ಮೂರು ಸಣ್ಣವನ್ನು ಏಳೆಂಟು ಅಡಿ ಎತ್ತರದಲ್ಲಿ, ಕೆಳಮುಖವಾಗಿ ವಾಲಿಸಿ, ಮೆಲ್ಲಗೆ ಬಿಡೋದು ಒಳ್ಳೇದು. ಗಿರಾಕಿ ರೇಟು ಕೇಳಿದಾಗ ನೀವು ಕೂಗಬೇಕಾಗಲ್ಲ. ಅಕ್ಕಿ, ಬೇಳೆ ಮೂಟೆ ಒಟ್ಟಿರುವ ದಿನಸಿ ಅಂಗಡಿಯವರು ಪುಣ್ಯವಂತರು, ಮೂಟೆಗಳೇ ಮಾರ್ದನಿ ಹೀರುತ್ತವೆ. ಪಾತ್ರೆ ಅಂಗಡಿಯವರ ಪಾಡು ಹೇಳೋದೇ ಬೇಡ.

ಬೀದಿಗೆ ಮುಖ ಮಾಡಿ ಸ್ಪೀಕರ್ ಇಡೋರು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳನ್ನು ನೆನಪಿಟ್ಟುಕೊಳ್ಳಿ. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಇಲ್ಲಿ ರಾತ್ರಿ ಅಂದ್ರೆ ಹತ್ತು ಗಂಟೆಯಿಂದ ಬೆಳಗ್ಗೆ ಆರರವರೆಗೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಮಿತಿ ಇನ್ನೂ ಕಡಿಮೆ.

ಇಷ್ಟೆಲ್ಲ ಮಾಡಿದ ಮೇಲೂ ಹೊಸದೇ ಬೇಕು ಅನ್ನಿಸಿದ್ರೆ

ಅಂಗಡಿಗೆ ನಿಮ್ಮದೇ ಮೊಬೈಲ್ ತಗೊಂಡು ಹೋಗಿ. ಅವರು ಹಾಕೋ ಡಿಜೆ ಹಾಡು ಕೇಳಬೇಡಿ, ಅದರಲ್ಲಿ ಎಂಥ ಸ್ಪೀಕರೂ ಚೆನ್ನಾಗೇ ಇರುತ್ತೆ. ಒಂದು ಹೆಣ್ಣು ದನಿಯ ಮಾತು, ಒಂದು ಗಂಡು ದನಿಯ ಮಾತು, ನಿಮಗೆ ಬಾಯಿಪಾಠ ಇರುವ ಒಂದು ಹಾಡು, ಇಷ್ಟು ಹಾಕಿಸಿ. ಮೆಲ್ಲಗೆ ಇಟ್ಟಾಗ ಪ್ರತಿ ಅಕ್ಷರ ತಿಳಿಯುತ್ತಾ ನೋಡಿ, ಆಮೇಲೆ ಮುಕ್ಕಾಲು ವಾಲ್ಯೂಮಿಗೆ ಏರಿಸಿ ಒಡೆಯುತ್ತಾ ನೋಡಿ. ಎರಡು ಸ್ಪೀಕರಿನ ನಡುವಿನ ವಯರ್ ಎಷ್ಟು ಉದ್ದ ಅಂತ ಬಿಚ್ಚಿಸಿ ನೋಡಿ. ಮೂರು ಅಡಿ ಇಲ್ಲದಿದ್ರೆ ಮೇಲೆ ಹೇಳಿದ ತ್ರಿಕೋನ ಮನೆಯಲ್ಲಿ ಸಾಧ್ಯವಿಲ್ಲ. ಒಂದೇ ರೇಟಿನಲ್ಲಿ ಬಣ್ಣಬಣ್ಣದ ಲೈಟ್ ಇರುವ 2.1 ಸೆಟ್ಟೂ ಲೈಟಿಲ್ಲದ, ಕೈಗೆ ಭಾರ ಅನ್ನಿಸುವ ಮರದ ಡಬ್ಬದ ಜೋಡಿ ಸ್ಪೀಕರೂ ಇದ್ರೆ ನಾವು ಎರಡನೆಯದ್ದನ್ನೇ ಎತ್ತಿಕೊಳ್ಳೋದು.

ಗುಜರಿಯಲ್ಲೋ ಅಟ್ಟದ ಮೇಲೋ ಹಳೇ ಟೇಪ್‌ರೆಕಾರ್ಡರ್ ಸೆಟ್ಟಿನ ಮರದ ಸ್ಪೀಕರ್ ಜೋಡಿ ಬಿದ್ದಿದ್ರೆ ಎಸೆಯೋ ಮೊದಲು ಒಮ್ಮೆ ಪರದೆಯ ಸುತ್ತಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಪುಡಿಪುಡಿಯಾಗದೆ ಮೆತ್ತಗಿದ್ರೆ ಅದಕ್ಕಿನ್ನೂ ಆಯಸ್ಸಿದೆ. ಹಿಂದೆ ಬರೆದಿರುವ ಓಮ್ ಅಂಕಿ, 4 ಅಥವಾ 6 ಅಥವಾ 8, ಗುರುತು ಮಾಡ್ಕೊಂಡು ರಿಪೇರಿಯವರ ಹತ್ತಿರ ಹೋದ್ರೆ ಅದಕ್ಕೆ ಹೊಂದುವ ಸಣ್ಣ ಆಂಪ್ಲಿಫೈಯರ್ ಬೋರ್ಡ್, ಅಡಾಪ್ಟರ್ ಜೋಡಿಸಿ ಕೊಡ್ತಾರೆ. ಹೊಸ ಪ್ಲಾಸ್ಟಿಕ್ ಸೆಟ್ಟಿನ ಪಕ್ಕ ಇಟ್ಟು ಎರಡನ್ನೂ ಕೇಳಿ, ಆಮೇಲೆ ಯಾವುದಕ್ಕೆ ದುಡ್ಡು ಕೊಡಬೇಕು ಅಂತ ತೀರ್ಮಾನ ಮಾಡಿ.